ಝರಿಯಾದ ಬೆಂಕಿಗೆ ಕಾರವಾರದ ಮಳೆ ಸಾಲದೇ?

ಪ್ರಶ್ನೆ: ಜಾರ್ಖಂಡಿನ ಝರಿಯಾದ ಕಲ್ಲಿದ್ದಲು ಗಣಿಗಳಲ್ಲಿ ನೂರು ವರ್ಷದಿಂದ ಬೆಂಕಿ ಇದೆಯಂತೆ. ನಮ್ಮ ಕಾರವಾರದಲ್ಲಿ ಹೊಯ್ಯುವಂಥ ಮಳೆ ಅಲ್ಲಿ ಹೊಯ್ದರೂ ಆರುವುದಿಲ್ಲವೇ? ನೀರು ತುಂಬಿಸಿ ಆರಿಸಬಾರದೇ?

ಉತ್ತರ: ಆರುವುದಿಲ್ಲ. ಝರಿಯಾದಲ್ಲೂ ಮಳೆಗಾಲವಿದೆ. ಮಳೆ ಬಿದ್ದ ದಿನ ನೆಲದ ಬಿರುಕುಗಳಿಂದ ಹಬೆ ಇನ್ನಷ್ಟು ದಟ್ಟವಾಗಿ ಏಳುತ್ತದೆ, ಅಷ್ಟೇ.

ರಾತ್ರಿ ಬಚ್ಚಲ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟರೆ ಬೆಳಿಗ್ಗೆ ಕೆದಕಿ ಊದಿದೊಡನೆ ಹೊತ್ತಿಕೊಳ್ಳುತ್ತದಲ್ಲ, ಗಣಿಯ ಬೆಂಕಿ ಆ ಜಾತಿಯದು. ಬೂದಿಯ ಬದಲು ಮೇಲೆ ಹತ್ತಾರು ಮೀಟರ್ ಬಂಡೆ. ಇದನ್ನು ಯಾರೂ ಹಚ್ಚಬೇಕಿಲ್ಲ. ಕಲ್ಲಿದ್ದಲು ಗಾಳಿಯ ಆಮ್ಲಜನಕ ಹೀರಿಕೊಂಡು ತಾನೇ ಬಿಸಿಯಾಗುತ್ತದೆ. ಗಾಳಿ ಜೋರಾಗಿ ಆಡಿದರೆ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಗಾಳಿಯೇ ಇಲ್ಲದಿದ್ದರೆ ಕಾವು ಹುಟ್ಟುವುದಿಲ್ಲ. ಕೆಡುಕು ಮಾಡುವುದು ಸಣ್ಣಗೆ ಸೋರುವ ಗಾಳಿ. 70–80 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಕಾವು ಬೇಗ ಬೇಗ ಏರತೊಡಗುತ್ತದೆ.

ಝರಿಯಾದಲ್ಲಿ ಮೊದಲ ಬೆಂಕಿ ದಾಖಲಾದದ್ದು 1916ರಲ್ಲಿ, ಭೌರಾ ಗಣಿಯಲ್ಲಿ. ಹಿಂದಿನ ಗಣಿಯವರು ಚಾವಣಿಗೆ ಆಸರೆಯಾಗಿ ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ಉಳಿದದ್ದನ್ನು ಅಗೆದರು, ಖಾಲಿ ಜಾಗಕ್ಕೆ ಮರಳು ತುಂಬಲಿಲ್ಲ. ಕಂಬ ಪುಡಿಯಾಯಿತು, ನೆಲ ಕುಸಿಯಿತು, ಬಿರುಕು ಮೇಲಿನವರೆಗೂ ಬಂತು. ಒಂದು ಬಿರುಕು ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆ ಕಾರುತ್ತದೆ. ನನ್ನ ದೃಷ್ಟಿಯಲ್ಲಿ ಅಲ್ಲಿಯ ಮೂಲ ತಪ್ಪು ಮರಳು ತುಂಬದೆ ಬಿಟ್ಟದ್ದೇ.

ಈಗ ನೀರಿನ ಲೆಕ್ಕ. 500 ಡಿಗ್ರಿ ಕಾದ ಒಂದು ಘನ ಮೀಟರ್ ಬಂಡೆ 100 ಡಿಗ್ರಿಗೆ ಇಳಿಯಲು ಸುಮಾರು 300 ಲೀಟರ್ ನೀರು ಪೂರ್ತಿ ಆವಿಯಾಗಬೇಕು. ಒಂದೂವರೆ ಬ್ಯಾರಲ್; ದೊಡ್ಡ ಮಾತಲ್ಲ. ಆದರೆ ನಮ್ಮ ಚಿರೆಕಲ್ಲಿನ ಗುಡ್ಡದಲ್ಲಿ ಮಳೆನೀರು ಹೇಗೆ ತನಗೆ ಸಿಕ್ಕ ಸಂದಿಯಲ್ಲೇ ಇಳಿದುಹೋಗುತ್ತದೋ ಅಲ್ಲಿಯೂ ಹಾಗೆಯೇ. ಒಂದು ಸಂದಿ ತೊಯ್ದರೆ ಪಕ್ಕದ ಕೆಂಡ ಒಣಗಿಯೇ ಇರುತ್ತದೆ. ನಿಗಿನಿಗಿ ಕೆಂಡಕ್ಕೆ ತಾಗಿದ ಹಬೆಯಿಂದ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ. ಮೊದಲನೆಯದು ಸಿಡಿಯುತ್ತದೆ, ಎರಡನೆಯದು ಸಿಡಿಯುವುದಷ್ಟೇ ಅಲ್ಲ, ವಾಸನೆಯಿಲ್ಲದೆ ಕೊಲ್ಲುತ್ತದೆ. ಇನ್ನು ಮಳೆ ಮೇಲ್ಮಣ್ಣನ್ನು ಕೊಚ್ಚಿದಷ್ಟೂ ಗಾಳಿಗೆ ಹೊಸ ದಾರಿ.

ಇಡೀ ಗಣಿಗೇ ನೀರು ತುಂಬಿಸಬಹುದಲ್ಲ ಎಂದರೆ, ಪಕ್ಕದಲ್ಲೇ ಜನ ದುಡಿಯುವ ಗಣಿಗಳಿರುತ್ತವೆ. 1975ರ ಡಿಸೆಂಬರ್ 27ರಂದು ಇದೇ ಝರಿಯಾ ಪ್ರದೇಶದ ಚಾಸ್‌ನಾಲಾದಲ್ಲಿ, ಮೇಲಿನ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನಡುವಿನ ತಡೆ ಒಡೆದು ನುಗ್ಗಿ 370ಕ್ಕೂ ಹೆಚ್ಚು ಕಾರ್ಮಿಕರನ್ನು ಕೊಂದಿತು. ಬೆಂಕಿಯ ಮಾತಾಡುವಾಗ ಆ ನೀರನ್ನು ಮರೆಯುವಂತಿಲ್ಲ.

ಗಣಿಯ ಬಾಯಿಗೆ ಗೋಡೆ ಕಟ್ಟಿ ಗಾಳಿ ತಡೆಯುವುದು ಸರಿಯಾದ ದಾರಿ, ಆದರೆ ಅದಕ್ಕೂ ಎಚ್ಚರ ಬೇಕು. ಗೋಡೆ ಕಟ್ಟಿದ ಮೇಲೆ ಒಳಗೆ ಮೀಥೇನ್ ಕೂಡುತ್ತಾ ಹೋಗುತ್ತದೆ. ಅದು ಗಾಳಿಯಲ್ಲಿ ಶೇ 5ರಿಂದ 15ರಷ್ಟಿರುವಾಗ ಕಿಡಿ ಸಿಕ್ಕರೆ ಸ್ಫೋಟ. ಅದಕ್ಕೇ ಒಳಗೆ ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಶೇ 12ಕ್ಕಿಂತ ಕೆಳಗಿಳಿಸುತ್ತಾರೆ. ಬೆಂಕಿ ನಂದಿತೆಂದು ಅವಸರದಲ್ಲಿ ಗೋಡೆ ಒಡೆದರೆ ಕಾದ ಬಂಡೆಗೆ ಗಾಳಿ ಸಿಕ್ಕಿ ಮತ್ತೆ ಹೊತ್ತಿಕೊಳ್ಳುತ್ತದೆ. ಜರಡಿಯಂತಾದ ಝರಿಯಾದ ನೆಲದಲ್ಲಿ ಹೀಗೆ ಮುಚ್ಚುವುದೂ ಕಷ್ಟ.

ಅಲ್ಲಿ ಫಲ ಕೊಡುವುದು ಅಗೆತ. ಬೆಂಕಿಯ ಮುಂದೆ, ತೋಟದ ಸುತ್ತ ಅಗಳು ತೆಗೆದಂತೆ, ಕಲ್ಲಿದ್ದಲು ಪದರದ ತಳದವರೆಗೆ ಕಂದಕ ತೋಡಿ ಉರಿಯದ ಮಣ್ಣು ತುಂಬುತ್ತಾರೆ. ಇಲ್ಲವೇ ಬೆಂಕಿ ಹತ್ತಿದ ಕಲ್ಲಿದ್ದಲನ್ನೇ ಎತ್ತಿಬಿಡುತ್ತಾರೆ. ಬಂಡೆ ಸಿಡಿಸುವ ಮೊದಲು ಪ್ರತಿ ತೂತಿನ ಬಿಸಿ ಅಳೆಯಬೇಕು, 80 ಡಿಗ್ರಿ ಮೀರಿದ್ದರೆ ಸ್ಫೋಟಕ ತುಂಬುವಂತಿಲ್ಲ. ನೀರು ಉಪಯೋಗಕ್ಕೆ ಬರುವುದು ಇಲ್ಲಿ: ತೂತು ತಣಿಸಲು, ಹೊರಬಿದ್ದ ಕೆಂಡವನ್ನು ಡಂಪರಿಗೆ ತುಂಬುವ ಮೊದಲು ನೆನೆಸಲು.