ಡಾನ್ಸ್‌ಗೆ ಎಎಂವಿ ಆರಿಸೋದು ಹ್ಯಾಂಗ? ಮೊದಲು ಕಿವಿಗೆ ಬಿಡಿ

ಓದುಗರ ಪ್ರಶ್ನೆ: ಸರ್, ನಮ್ಮ ಕಾಲೇಜಿನ ಅನಿಮೆ ಬಳಗದಾವ್ರು ಕೂಡಿ ಧಾರವಾಡದಾಗ ಒಂದ್ ದಿನದ ಅನಿಮೆ ಮೇಳ ಮಾಡಾಕತ್ತೀವ್ರಿ. ಸಂಜೀಗೆ ಡಾನ್ಸ್ ಐತಿ. ಬರೇ ಡಿಜೆ ಬ್ಯಾಡ, ದೊಡ್ಡ ಪರದೆ ಮ್ಯಾಲೆ ಎಎಂವಿ ಹಚ್ಚೋಣು ಅಂತ ಎಲ್ಲಾರೂ ಅಂದ್ರು. ಪಟ್ಟಿ ಮಾಡಿದ್ರ ಇನ್ನೂರರ ಮ್ಯಾಲೆ ಅದಾವ. ಎಲ್ಲಾವೂ ಚೊಲೋನ ಅನಸ್ತಾವ. ಯಾವು ಇಟ್ಕೋಬೇಕು, ಯಾವು ಬಿಡಬೇಕು, ಹ್ಯಾಂಗ ಆರಿಸೋದ್ರಿ?

ಉತ್ತರ: ಇನ್ನೂರೂ ಚೊಲೋ ಇರಬಹುದು. ಆದರೆ ನೋಡಲು ಚೊಲೋ ಇರುವ ಎಎಂವಿ ಬೇರೆ, ಕುಣಿಸುವ ಎಎಂವಿ ಬೇರೆ. ಈ ವ್ಯತ್ಯಾಸ ಹಿಡಿದುಕೊಂಡರೆ ನಿಮ್ಮ ಪಟ್ಟಿ ತಾನಾಗಿ ಇಳಿಯುತ್ತದೆ.

ಇದರ ಪರಿಚಯ ಇಲ್ಲದ ಓದುಗರಿಗೆ ಒಂದು ಮಾತು. ಎಎಂವಿ ಅಂದರೆ ಅನಿಮೆ ಮ್ಯೂಸಿಕ್ ವಿಡಿಯೋ. ಅನಿಮೆ ಅಂದರೆ ಜಪಾನಿನ ಅನಿಮೇಷನ್ ಚಿತ್ರ, ಸರಣಿಗಳು. ಅವುಗಳ ದೃಶ್ಯಗಳನ್ನು ಕತ್ತರಿಸಿ, ಬೇರೊಂದು ಹಾಡಿಗೆ ಕೂಡಿಸಿ ಅಭಿಮಾನಿಗಳೇ ಮಾಡುವಂಥದ್ದು. 1982ರಲ್ಲಿ ಅಮೆರಿಕದಲ್ಲಿ ಜಿಮ್ ಕಪೋಸ್ಟಾಸ್ ಎಂಬ 21 ವರ್ಷದ ಯುವಕ ಎರಡು ವಿಸಿಆರ್‌ಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ್ದೇ ಮೊದಲ ಎಎಂವಿ ಎಂದು ಹೇಳುತ್ತಾರೆ. ಮುಂದೆ ಅನಿಮೆ ಮೇಳಗಳಲ್ಲಿ ಇವುಗಳ ಸ್ಪರ್ಧೆ ಶುರುವಾಯಿತು. ದೀಪ ಆರಿಸಿದ ಹಾಲ್, ಸಾಲು ಕುರ್ಚಿ, ಪರದೆ ಬಿಟ್ಟು ಕಣ್ಣು ಕದಲಿಸದ ಜನ. ಈ ಕಲೆ ಬೆಳೆದಿದ್ದು ಕೂತು ನೋಡುವವರ ಮುಂದೆ. ಹೀಗಾಗಿ ಹೆಸರು ಮಾಡಿದ ಎಎಂವಿಗಳಲ್ಲಿ ಬಹಳಷ್ಟು ಕೂತು ನೋಡುವವರಿಗಾಗಿಯೇ ಇವೆ. ನಿಧಾನಕ್ಕೆ ಬಿಚ್ಚಿಕೊಳ್ಳುವ ಕಥೆ, ಪಾತ್ರದ ತುಟಿಗೂ ಹಾಡಿನ ಸಾಲಿಗೂ ಕೂಡಿಸಿದ ಚಮತ್ಕಾರ, ಕೊನೆಗೆ ಕಣ್ಣೀರು.

ಕುಣಿಯುವವರು ಹಾಗೆ ನೋಡುವುದಿಲ್ಲ. ಎರಡು ಸೆಕೆಂಡ್ ಪರದೆ, ಆಮೇಲೆ ಗೆಳೆಯನ ಕಡೆ, ಆಮೇಲೆ ಕೈ ಮೇಲೆತ್ತಿ ಒಂದು ಸುತ್ತು, ಮತ್ತೆ ಪರದೆ. ಯಾವ ಕ್ಷಣದಲ್ಲಿ ತಲೆ ಎತ್ತಿದರೂ ಅಲ್ಲಿ ನಡೆದದ್ದು ತಟ್ಟನೆ ತಿಳಿಯಬೇಕು, ತಲೆ ತಿರುಗಿಸಿದರೆ ಏನೂ ಕಳೆದುಕೊಂಡಂತೆ ಆಗಬಾರದು. ಓಟ, ಜಿಗಿತ, ಹೊಡೆದಾಟ, ಅನಿಮೆಯೊಳಗಿನ ಕುಣಿತ, ಗುಂಪಿನ ಸಂಭ್ರಮ, ನಗುವ ಮುಖ ಇವು ಗೆಲ್ಲುತ್ತವೆ. ಮಾತಿನ ಮೇಲೆ, ಸಬ್‌ಟೈಟಲ್ ಮೇಲೆ, ಕಥೆಯ ತಿರುವಿನ ಮೇಲೆ ನಿಂತ ವಿಡಿಯೋ ಎಷ್ಟೇ ಶ್ರೇಷ್ಠವಾಗಿರಲಿ, ಮಧ್ಯಾಹ್ನ ಕುರ್ಚಿ ಹಾಕಿ ಬೇರೆಯಾಗಿ ತೋರಿಸಿ. ಅದಕ್ಕೆ ಆ ಗೌರವ ಸಲ್ಲಬೇಕು.

ಈಗ ಆರಿಸುವ ಕೆಲಸ. ಮೊದಲ ಸುತ್ತಿನಲ್ಲಿ ಪರದೆ ನೋಡಲೇಬೇಡಿ. ಲ್ಯಾಪ್‌ಟಾಪ್ ಮುಚ್ಚಳ ಅರ್ಧ ಇಳಿಸಿ, ಸಾಧ್ಯವಾದಷ್ಟು ದೊಡ್ಡ ಸ್ಪೀಕರಿನಲ್ಲಿ ಹಚ್ಚಿ, ಎದ್ದು ನಿಂತು ಕೇಳಿ. ಇಯರ್‌ಫೋನಿನಲ್ಲಿ ಚೆನ್ನಾಗಿದ್ದ ಧ್ವನಿ ದೊಡ್ಡ ಸ್ಪೀಕರಿಗೆ ಬಂದಾಗ ಚರಚರ ಅನ್ನುವುದುಂಟು. ಹಳೆಯ ಎಎಂವಿಗಳಲ್ಲಿ ಧ್ವನಿಯನ್ನು ಬಹಳ ಹಿಂಡಿ ಇಟ್ಟಿರುತ್ತಾರೆ. ಮೊದಲ ಹತ್ತು ಸೆಕೆಂಡಿನಲ್ಲಿ ಕಾಲಿಗೆ ಹಿಡಿತ ಸಿಕ್ಕಿತೇ ನೋಡಿ. ನಲವತ್ತು ಸೆಕೆಂಡ್ ಪಿಯಾನೋ ನುಡಿಸಿ ಆಮೇಲೆ ಬೀಟ್ ಬರುವ ಹಾಡು ಬೇಡ, ಅಷ್ಟರಲ್ಲಿ ಅರ್ಧ ಜನ ನೀರು ಕುಡಿಯಲು ಹೋಗಿರುತ್ತಾರೆ. ನಡುವೆ ಹಾಡು ನಿಲ್ಲಿಸಿ ಅನಿಮೆಯ ಸಂಭಾಷಣೆ ಸೇರಿಸಿದ್ದರೆ ಅದೂ ಬೇಡ. ಕೂತವರಿಗೆ ರೋಮಾಂಚನ ತರುವ ಆ ಮೌನ ಕುಣಿಯುವವರ ಕಾಲು ಕಟ್ಟುತ್ತದೆ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಬೀಟ್ ಬಂದವು ಎಣಿಸಿ, ನಾಲ್ಕರಿಂದ ಗುಣಿಸಿ, ವಿಡಿಯೋದ ಹೆಸರಿನ ಮುಂದೆ ಬರೆದಿಡಿ. ಡಾನ್ಸ್ ಸಂಗೀತದ ಬಗೆಗಳಲ್ಲಿ ಹೌಸ್ ಸಾಮಾನ್ಯವಾಗಿ ನಿಮಿಷಕ್ಕೆ 120ರಿಂದ 130 ಬೀಟ್, ಡಬ್‌ಸ್ಟೆಪ್ 140ರ ಆಸುಪಾಸು, ಡ್ರಮ್ ಆ್ಯಂಡ್ ಬೇಸ್ 170 ದಾಟುತ್ತದೆ. ಈ ಅಂಕಿ ಮುಂದೆ ಕ್ರಮ ಹೊಂದಿಸುವಾಗ ಬೇಕಾಗುತ್ತದೆ.

ಕಿವಿಯ ಪರೀಕ್ಷೆಯಲ್ಲಿ ಉಳಿದವನ್ನು ಎರಡನೇ ಸುತ್ತಿನಲ್ಲಿ ಕಣ್ಣಿನಿಂದ ನೋಡಿ. ಧಾರವಾಡದವರಿಗೆ ಸಮ ಅಂದರೇನು ಅಂತ ಹೇಳಿಕೊಡಬೇಕಿಲ್ಲ. ತೀನ್‌ತಾಲದ ಹದಿನಾರು ಮಾತ್ರೆ ಸುತ್ತಿ ಮತ್ತೆ ಮೊದಲ ಮಾತ್ರೆಯಾದ ಸಮಕ್ಕೆ ಬಂದಾಗ ಬೈಠಕ್‌ನಲ್ಲಿ ಎಲ್ಲರ ತಲೆ ಒಟ್ಟಿಗೆ ಅಲ್ಲಾಡುತ್ತದೆ. ಡಾನ್ಸ್ ಹಾಡುಗಳಲ್ಲೂ ಅಂಥ ಜಾಗಗಳಿವೆ. ನಾಲ್ಕು ಬೀಟಿಗೊಮ್ಮೆ ಒಂದು ಸಣ್ಣ ಒತ್ತು, ಹೆಚ್ಚಿನವುಗಳಲ್ಲಿ 32 ಬೀಟಿಗೊಮ್ಮೆ ಹಾಡು ಹೊರಳುವ ಜಾಗ. ಚೆನ್ನಾಗಿ ಕಟ್ ಮಾಡಿದವರು ದೊಡ್ಡ ಹೊಡೆತ, ದೊಡ್ಡ ಜಿಗಿತ, ಹೊಸ ದೃಶ್ಯ ಇವನ್ನೆಲ್ಲ ಆ ಹೊರಳಿಗೆ ಇಟ್ಟಿರುತ್ತಾರೆ. ಪ್ರತಿ ಬೀಟಿಗೂ ಟಕಟಕ ಕಟ್ ಮಾಡಿದ್ದು ಮೊದಲ ಅರ್ಧ ನಿಮಿಷ ಜೋರಾಗಿ ಕಾಣುತ್ತದೆ, ಆಮೇಲೆ ಕಣ್ಣು ಸೋಲುತ್ತದೆ.

ಕಟ್ ಬೀಟಿನಿಂದ ಜಾರಿದೆಯೇ ಎಂದು ನೋಡುವುದೂ ಇದೇ ಸುತ್ತಿನ ಕೆಲಸ. ಅನಿಮೆ ಸೆಕೆಂಡಿಗೆ ಸುಮಾರು 24 ಫ್ರೇಮ್, ಅಂದರೆ ಬಿಡಿ ಚಿತ್ರ, ಓಡುತ್ತದೆ. ಹಾಡು ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟಿಗೆ ಸರಿಯಾಗಿ 12 ಫ್ರೇಮ್. 128 ಆದರೆ 11.25 ಫ್ರೇಮ್, ಲೆಕ್ಕ ಕೂಡುವುದಿಲ್ಲ. ಎಡಿಟ್ ಮಾಡಿದವರು ಹನ್ನೊಂದು ಹನ್ನೊಂದು ಫ್ರೇಮಿನ ತುಂಡುಗಳನ್ನು ಸಾಲಾಗಿ ಅಂಟಿಸುತ್ತಾ ಹೋಗಿದ್ದರೆ 32 ಬೀಟ್ ಆಗುವಷ್ಟರಲ್ಲಿ, ಅಂದರೆ 15 ಸೆಕೆಂಡಿನಲ್ಲಿ, ಚಿತ್ರ ಎಂಟು ಫ್ರೇಮ್ ಮುಂದೆ ಓಡಿರುತ್ತದೆ. ಅದು ಸೆಕೆಂಡಿನ ಮೂರನೇ ಒಂದು ಭಾಗ. ಯಾಕೆ ಅಂತ ಹೇಳಲು ಬಾರದಿದ್ದರೂ "ಏನೋ ಕೂಡವಲ್ದು" ಅಂತ ಎಲ್ಲರಿಗೂ ಅನಿಸುತ್ತದೆ. ನುರಿತವರು ಹನ್ನೊಂದರ ನಡುವೆ ಅಲ್ಲಲ್ಲಿ ಹನ್ನೆರಡು ಸೇರಿಸಿ ಸರಿದೂಗಿಸಿರುತ್ತಾರೆ. ಪರೀಕ್ಷೆ ಸುಲಭ: ವಿಡಿಯೋದ ಕೊನೆಯ ಅರ್ಧ ನಿಮಿಷ ಹಚ್ಚಿ, ಬೀಟಿಗೆ ಚಪ್ಪಾಳೆ ತಟ್ಟಿ. ಚಪ್ಪಾಳೆಗೂ ಕಟ್‌ಗೂ ಆಗಲೂ ಕೂಡಿದರೆ ಇಟ್ಟುಕೊಳ್ಳಿ.

ಇನ್ನು ಮುಂದಿನದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ಡಾನ್ಸ್ ಎಎಂವಿಗಳಲ್ಲಿ ಬೀಟಿಗೆ ಸರಿಯಾಗಿ ಬಿಳಿ ಮಿಂಚು ಹಾಕುವ ರೂಢಿ ಬಹಳ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಸರಣಿಯ ಒಂದು ಕಂತು ಪ್ರಸಾರವಾದಾಗ, ಕೆಂಪು ಮತ್ತು ನೀಲಿ ಬಣ್ಣ ಸೆಕೆಂಡಿಗೆ ಸುಮಾರು 12 ಬಾರಿ ಮಿನುಗಿದ ಒಂದು ದೃಶ್ಯದಿಂದ ಸುಮಾರು 685 ಜನರನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಮಿನುಗು ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ, ಮತ್ತು ತಮಗೆ ಆ ತೊಂದರೆ ಇದೆ ಅಂತ ಮೊದಲ ಸಲ ಬರುವವರೆಗೂ ಅವರಿಗೇ ಗೊತ್ತಿರಲಿಕ್ಕಿಲ್ಲ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಇರಬಾರದು ಎಂಬುದು ಟಿವಿಯವರೂ ವೆಬ್‌ನವರೂ ಇಟ್ಟುಕೊಂಡಿರುವ ಮಿತಿ. ಲೆಕ್ಕ ಹಾಕಿ ನೋಡಿ. 128ರ ಹಾಡಿನಲ್ಲಿ ಬೀಟಿಗೊಂದು ಮಿಂಚು ಅಂದರೆ ಸೆಕೆಂಡಿಗೆ 2.1, ಮಿತಿಯೊಳಗೇ ಇದೆ. ಅರ್ಧ ಬೀಟಿಗೊಂದು ಹಾಕಿದರೆ 4.3, ಮಿತಿ ದಾಟಿತು. 175ರ ಹಾಡಿನಲ್ಲಿ ಬೀಟಿಗೊಂದು ಅಂದರೇ 2.9, ಅಂಚಿಗೆ ಬಂದಂತೆ. ಮನೆಯಲ್ಲಿ ಮೊಬೈಲಿನಲ್ಲಿ ನೋಡುವಾಗ ಮಿನುಗುವುದು ಅಂಗೈಯಗಲದ ಜಾಗ. ಕತ್ತಲು ಹಾಲಿನಲ್ಲಿ ಪರದೆಯ ಮುಂದೆ ನಿಂತವರಿಗೆ ಕಣ್ಣಿನ ತುಂಬಾ ಅದೇ. ಮಿತಿ ದಾಟಿದ್ದನ್ನು ಯಾರು ಎಷ್ಟೇ ಹಠ ಮಾಡಲಿ, ತೆಗೆದುಹಾಕಿ. ಲೈಟಿಂಗ್‌ನವರಿಗೂ ಸ್ಟ್ರೋಬ್, ಅಂದರೆ ಪಟಪಟ ಮಿನುಗುವ ಲೈಟು, ಬೇಡ ಅಂತ ಮೊದಲೇ ಹೇಳಿ. ಬಾಗಿಲಲ್ಲಿ ಕನ್ನಡದಲ್ಲೇ ಒಂದು ಸೂಚನೆ ಹಚ್ಚಿ, ಕೂತು ವಿಶ್ರಮಿಸಲು ಬೆಳಕಿರುವ ಒಂದು ಕೋಣೆ ಬಿಡಿಸಿಡಿ.

ಕತ್ತಲ ದೃಶ್ಯಗಳ ವಿಷಯ ಚಿಕ್ಕದು. ಲ್ಯಾಪ್‌ಟಾಪಿನಲ್ಲಿ ಕಪ್ಪು-ನೀಲಿಯಾಗಿ ಮನ ಸೆಳೆಯುವ ರಾತ್ರಿಯ ಹೊಡೆದಾಟ, ಬಣ್ಣದ ಲೈಟು ಬಿದ್ದ ಪರದೆಯ ಮೇಲೆ ಬೂದಿಯಾಗಿ ಕಾಣುತ್ತದೆ. ತಿಳಿ ಬಣ್ಣ, ದಪ್ಪ ಗೆರೆ, ದೊಡ್ಡ ಮುಖ ಇರುವವನ್ನು ಮೇಲಕ್ಕೆ ತನ್ನಿ.

ಹಾಲಿಗೆ ಹೋದ ಮೇಲೆ ಇನ್ನೊಂದು ತೊಡಕು ಎದುರಾಗುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಸ್ಪೀಕರಿನಿಂದ 17 ಮೀಟರ್ ಹಿಂದೆ ನಿಂತವರಿಗೆ ಬೀಟ್ 50 ಮಿಲಿಸೆಕೆಂಡ್ ತಡ. ಇದನ್ನು ಮನಸ್ಸು ಸಹಿಸುತ್ತದೆ. ಉಣಕಲ್ ಕೆರೆಯಂಥ ದಂಡೆಯಲ್ಲಿ ಆಚೆ ಬಟ್ಟೆ ಒಗೆಯುವವರ ಕೈ ಕೆಳಗೆ ಬಂದ ಮೇಲೆ ಸದ್ದು ಕೇಳಿದರೆ ನಮಗೆ ವಿಚಿತ್ರ ಅನಿಸುವುದಿಲ್ಲ. ಚಿತ್ರವೇ ತಡವಾಗಿ ಬಂದರೆ ಮಾತ್ರ ಕೂಡಲೇ ಕಿರಿಕಿರಿ. ಕೆಲವು ಪ್ರೊಜೆಕ್ಟರ್‌ಗಳು ಚಿತ್ರವನ್ನು ತಿದ್ದಿ ತೋರಿಸಲು ಸಮಯ ತೆಗೆದುಕೊಳ್ಳುತ್ತವೆ, ಧ್ವನಿ ಅಷ್ಟರಲ್ಲಿ ಹೊರಟುಹೋಗಿರುತ್ತದೆ. ಪ್ರೊಜೆಕ್ಟರಿನಲ್ಲಿ ಈ ತಡ ಕಡಿಮೆ ಮಾಡುವ ಗೇಮ್ ಮೋಡ್ ಇದ್ದರೆ ಅದಕ್ಕೆ ಹಾಕಿ. ಧ್ವನಿಗೆ ಬ್ಲೂಟೂತ್ ಬಳಸಬೇಡಿ, ವೈರೇ ಎಳೆಯಿರಿ. ಹಿಂದಿನ ದಿನವೇ ಒಬ್ಬರು ಚಪ್ಪಾಳೆ ತಟ್ಟುವ ವಿಡಿಯೋ ಮೊಬೈಲಿನಲ್ಲಿ ತೆಗೆದು, ಅದನ್ನು ಪರದೆಗೆ ಹಚ್ಚಿ, ಹಾಲಿನ ನಡುವೆ ನಿಂತು ನೋಡಿ. ವಿಂಡೋಸ್‌ನ ವಿಎಲ್‌ಸಿ ಪ್ಲೇಯರಿನಲ್ಲಿ ಜೆ ಮತ್ತು ಕೆ ಕೀ ಒತ್ತಿದರೆ ಧ್ವನಿ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತದೆ. ಕೈ ಕೂಡುವುದೂ ಸದ್ದೂ ಒಂದಾಗುವವರೆಗೆ ಸರಿಸಿ. ಎಲ್ಲ ವಿಡಿಯೋಗಳ ಧ್ವನಿಮಟ್ಟವನ್ನೂ ಮೊದಲೇ ಒಂದಕ್ಕೆ ತಂದಿಡಿ. ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಮಾಡಿಕೊಡುತ್ತದೆ.

ಒಂದೂವರೆ ತಾಸಿನ ಡಾನ್ಸ್‌ಗೆ, ಒಂದೊಂದು ಮೂರೂವರೆ ನಿಮಿಷ ಅಂತ ಹಿಡಿದರೆ, 25-26 ವಿಡಿಯೋ ಸಾಕು. ಹತ್ತು ಹೆಚ್ಚು ಇಟ್ಟುಕೊಳ್ಳಿ. ಕ್ರಮ ಹೊಂದಿಸುವಾಗ ಬೈಠಕ್‌ನಂತೆ ವಿಲಂಬಿತದಿಂದ ದ್ರುತಕ್ಕೆ ಒಂದೇ ಏರು ಬೇಡ. ಹದಿನೈದಿಪ್ಪತ್ತು ನಿಮಿಷ ಏರಿಸಿ, ಒಂದು ಹಾಡು ಇಳಿಸಿ, ಮತ್ತೆ ಏರಿಸಿ. ಅಕ್ಕಪಕ್ಕದ ಹಾಡುಗಳ ವೇಗದಲ್ಲಿ ಐದಾರು ಬೀಟಿಗಿಂತ ಹೆಚ್ಚು ಅಂತರ ಇರದಿದ್ದರೆ ಕಾಲು ತಪ್ಪುವುದಿಲ್ಲ. ಎಲ್ಲರೂ ನೋಡಿದ ಅನಿಮೆಗಳನ್ನೇ ಮೊದಲ ಅರ್ಧ ತಾಸಿಗೆ ಇಡಿ. ಶಿನ್‌ಚಾನ್, ಡೊರೇಮಾನ್ ದೃಶ್ಯಗಳ ಒಂದು ವಿಡಿಯೋ ಬಂದರೆ, ಬೇರೇನೂ ಗೊತ್ತಿಲ್ಲದೆ ಅಣ್ಣನ ಜೊತೆ ಬಂದ ತಂಗಿಯೂ ಕೂಗುತ್ತಾಳೆ. ಇತ್ತೀಚಿನ ಕಂತುಗಳಲ್ಲಿ ಯಾರೋ ಸಾಯುವ ದೃಶ್ಯ ಇದ್ದರೆ ಬಿಡಿ, ಇನ್ನೂ ನೋಡದವರ ಖುಷಿ ಕಸಿದುಕೊಳ್ಳಬೇಡಿ.

ನನ್ನದೊಂದು ಆಸೆ ಇದೆ. ಎರಡು-ಮೂರಾದರೂ ನಮ್ಮ ನೆಲದ ಹಾಡಿನದಿರಲಿ. ಹುಬ್ಬಳ್ಳಿಯ ಹೋಳಿಯಲ್ಲಿ ಬಂಡಿಯ ಗಾಲಿಗೆ ತೊಗಲು ಬಿಗಿದ ಜಗ್ಗಲಿಗಿ ಗುಡುಗಿದಾಗ ಕಾಲು ನಿಲ್ಲದವರೇ ನೀವು. ಆ ಬಡಿತಕ್ಕೆ ಅನಿಮೆಯ ಓಟ, ಜಿಗಿತ ಕೂಡಿಸಿದರೆ ಹೇಗಿರುತ್ತದೆ ಯೋಚಿಸಿ. ಅಂಥದ್ದು ಸಿಗದಿದ್ದರೆ ನಿಮ್ಮ ಬಳಗದಲ್ಲಿ ಎಡಿಟಿಂಗ್ ಬಲ್ಲವರು ಈಗಲೇ ಕೂತು ಒಂದು ಮಾಡಲಿ. ಹಲಗಿ, ಜಗ್ಗಲಿಗಿಯ ನಡೆ ಬೇರೆಯಾದ್ದರಿಂದ ಹೌಸ್ ಹಾಡಿಗೆ ನೇರ ಅಂಟಿಸಬೇಡಿ. ಮುಂಚೆ ಎರಡು ಕ್ಷಣ ಮೌನ ಬಿಟ್ಟು ಅದನ್ನೇ ಹೊಸ ಆರಂಭ ಮಾಡಿ.

ಆರಿಸಿದ ಪ್ರತಿಯೊಂದನ್ನೂ ಇಬ್ಬರು ಕೊನೆಯ ಸೆಕೆಂಡಿನವರೆಗೆ ನೋಡಲೇಬೇಕು, ಹಾಡಿನ ಪದಗಳನ್ನೂ ಓದಬೇಕು. ರಕ್ತ, ಅಶ್ಲೀಲ ದೃಶ್ಯ, ಬೈಗುಳ ಇವು ಕೊನೆಯಲ್ಲೂ ಅಡಗಿರಬಹುದು. ಓಟು ಹಾಕಿಸಿ ಆರಿಸೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಓಟಿನಲ್ಲಿ ಗೆಲ್ಲುವುದು ಮೆಚ್ಚಿನ ಅನಿಮೆ, ಕುಣಿಸುವ ವಿಡಿಯೋ ಅಲ್ಲ. ಮೂವರು ಕೂತು ಆರಿಸಿ, ಅವರಲ್ಲಿ ಒಬ್ಬರಾದರೂ ಅನಿಮೆ ನೋಡದೆ ಬರೇ ಕುಣಿಯುವವರಾಗಿರಲಿ.

ಕಾನೂನು ಮರೆಯಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳ ಚಟುವಟಿಕೆಗೆ ವಿನಾಯಿತಿ ಇದೆ, ಆದರೆ ಅದು ಪ್ರೇಕ್ಷಕರು ಅಲ್ಲಿಯ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು, ಆ ಚಟುವಟಿಕೆಗೆ ಸಂಬಂಧಪಟ್ಟವರು ಇಷ್ಟೇ ಇದ್ದಾಗ. ಟಿಕೆಟ್ ಮಾರಿ ಊರವರನ್ನು ಕರೆದರೆ ಹಾಡುಗಳಿಗೆ ಐಪಿಆರ್‌ಎಸ್, ಪಿಪಿಎಲ್ ಸಂಸ್ಥೆಗಳ ಲೈಸೆನ್ಸ್ ವಿಚಾರಿಸಿ. ಅದು ಹಾಡಿಗೆ ಮಾತ್ರ, ಅನಿಮೆ ದೃಶ್ಯಗಳ ಹಕ್ಕು ಜಪಾನಿನ ಕಂಪನಿಗಳದೇ, ಇದನ್ನು ತಿಳಿದೇ ಮುಂದುವರಿಯಿರಿ. ಬಯಲಿನಲ್ಲಿ ಮಾಡುವುದಾದರೆ ರಾತ್ರಿ 10ರ ನಂತರ ಧ್ವನಿವರ್ಧಕ ಇಲ್ಲ.

ಎಎಂವಿ ಮಾಡಿದವರಿಗೆ ಮಾತ್ರ ಇವತ್ತೇ ಪತ್ರ ಬರೆಯಿರಿ. ಎಲ್ಲಿಯ ಮೇಳ, ಎಷ್ಟು ಜನ, ಯಾವ ದಿನ ಅಂತ ತಿಳಿಸಿ, ತೋರಿಸಲು ಒಪ್ಪಿಗೆ ಕೇಳಿ, ಮೂಲ ಫೈಲ್ ಕೊಡುತ್ತೀರಾ ಅಂತಲೂ ಕೇಳಿ. ಯೂಟ್ಯೂಬಿನಿಂದ ಇಳಿಸಿಕೊಂಡದ್ದಕ್ಕಿಂತ ಅದು ದೊಡ್ಡ ಪರದೆಯಲ್ಲಿ ಎಷ್ಟೋ ಸ್ವಚ್ಛ. ತಿಂಗಳುಗಟ್ಟಲೆ ಕೂತು ಫ್ರೇಮ್ ಫ್ರೇಮ್ ಕೂಡಿಸಿದವರಿಗೆ ಹಣ ಬರುವುದಿಲ್ಲ, ಹೆಸರಾದರೂ ಬರಲಿ. ಪ್ರತಿ ವಿಡಿಯೋ ಶುರುವಾಗುವಾಗ ಪರದೆಯ ಮೂಲೆಯಲ್ಲಿ ಅವರ ಹೆಸರು ಕಾಣುವಂತೆ ಮಾಡಿ. ಉತ್ತರ ಬರಲು ವಾರಗಳೇ ಹಿಡಿಯಬಹುದು. ಬೇಡ ಅಂದವರದನ್ನು ಬಿಟ್ಟು, ಹೆಚ್ಚಿಗೆ ಇಟ್ಟುಕೊಂಡ ಹತ್ತರಲ್ಲಿ ಒಂದನ್ನು ಆ ಜಾಗಕ್ಕೆ ತನ್ನಿ.