ಪ್ರಶ್ನೆಪತ್ರಿಕೆ ಮೊದಲು, ಪಾಠ ಆಮೇಲೆ

"ದಿ ಗ್ಲಾಪ್ ಮಿಬ್ಡ್ ದಿ ಫೊಂಪ್." ಇಂಗ್ಲಿಷಿನಂತೆ ಕೇಳುವ ಈ ಸಾಲಿಗೆ ಅರ್ಥವೇ ಇಲ್ಲ. ಗ್ಲಾಪ್, ಫೊಂಪ್ ಎಲ್ಲ ಸುಮ್ನೆ ಹುಟ್ಟಿಸಿದ ಪದಗಳು. ಈಗ ಪ್ರಶ್ನೆ: "ಹೂ ಮಿಬ್ಡ್ ದಿ ಫೊಂಪ್?" ಉತ್ತರ ಎಲ್ಲರಿಗೂ ಗೊತ್ತು: ದಿ ಗ್ಲಾಪ್. ಒಂದಕ್ಷರ ಅರ್ಥವಾಗದೆ ಪೂರ್ತಿ ಅಂಕ ಸಿಕ್ಕಿತು, ಅಲ್ವಾ?

ಮಂಗಳೂರು, ಉಡುಪಿ ಕಡೆಯ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ನಾನು ಮೊದಲು ಬೋರ್ಡಿನ ಮೇಲೆ ಬರೆಯುವುದು ಇದನ್ನೇ. ನಮ್ಮ ಕಿರುಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳೇ ಜಾಸ್ತಿ. ಮಗು ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕುತ್ತದೆ, ಆ ಸಾಲನ್ನು ಎತ್ತಿ ಬರೆಯುತ್ತದೆ. ನೋಟ್ಸ್ ಬರೆಸಿದ್ದರೆ ಹುಡುಕುವ ಕೆಲಸವೂ ಇಲ್ಲ, ಬಾಯಿಪಾಠ ಸಾಕು.

ನಮ್ಮ ಸರ್ಕಾರಿ ಶಾಲೆಗಳಲ್ಲಿ 1ನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾಗಿದ್ದು 2007-08ರಲ್ಲಿ. ಹತ್ತು ವರ್ಷ ಕಲಿತು, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಕಾಲೇಜಿನಲ್ಲಿ ಒಂದು ರಜಾ ಅರ್ಜಿ ಬರೆಯಲು ತಡವರಿಸಿದರೆ ತಪ್ಪು ಅವಳದಲ್ಲ. ನಾವು ಇಷ್ಟು ವರ್ಷ ಅಳೆದದ್ದು ಅವಳ ನೆನಪಿನ ಶಕ್ತಿಯನ್ನು.

ಹಾಗಾಗಿ ನನ್ನ ಸಲಹೆ: ಪಾಠಯೋಜನೆಗೆ ಕೂರುವ ಮೊದಲು ಪ್ರಶ್ನೆಪತ್ರಿಕೆ ಬರೆಯಿರಿ. ಈ ಪಾಠ ಮುಗಿದ ಮೇಲೆ ಮಗು ಇಂಗ್ಲಿಷಿನಲ್ಲಿ ಏನು ಮಾಡಬಲ್ಲದು ಅಂತ ಮೊದಲೇ ತೀರ್ಮಾನವಾಗಲಿ. ಪಾಠ ಆ ಕಡೆಗೆ ಸಾಗಲಿ.

ಆರನೇ ತರಗತಿಗೆ ಪ್ರಯಾಣದ ಪಾಠ ಇದೆ ಅಂದುಕೊಳ್ಳಿ. ನೀವೇ ಒಂದು ಸಣ್ಣ ಸೂಚನಾಫಲಕ ಬರೆಯಿರಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ, ಹೊರಡುವ ಹೊತ್ತು, ಟಿಕೆಟ್ ದರ. ಕೊನೆಯಲ್ಲಿ "ನೋ ಬೋಟ್ಸ್ ಫ್ರಂ ಜೂನ್ ಟು ಸೆಪ್ಟೆಂಬರ್". ಪ್ರಶ್ನೆ ಹೀಗಿರಲಿ: ನಿನ್ನ ಮಾವ ಜುಲೈಯಲ್ಲಿ ಮುಂಬೈಯಿಂದ ಬರುತ್ತಾರೆ, ದ್ವೀಪ ನೋಡಬೇಕಂತೆ. ಅವರಿಗೆ ಏನು ಹೇಳುತ್ತೀ? ಫಲಕದಲ್ಲಿ ಜುಲೈ ಅನ್ನುವ ಪದವೇ ಇಲ್ಲ. ಎತ್ತಿ ಬರೆಯಲು ಸಾಲು ಸಿಗುವುದಿಲ್ಲ. ಓದಿ ಅರ್ಥಮಾಡಿಕೊಂಡವರಿಗೆ ಮಾತ್ರ ಉತ್ತರ ಸಿಗುತ್ತದೆ.

"ಉತ್ತರವನ್ನು ಕನ್ನಡದಲ್ಲಿ ಬರೆದರೆ?" ಅಂತ ಶಿಕ್ಷಕರು ಕೇಳುತ್ತಾರೆ. ಅಂಕ ಕೊಡಿ. ಇಲ್ಲಿ ಪರೀಕ್ಷಿಸುತ್ತಿರುವುದು ಓದನ್ನು, ಬರವಣಿಗೆಯನ್ನಲ್ಲ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ. ಎಷ್ಟೋ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಕಲಿತ ಎರಡನೆಯ ಭಾಷೆ. ಪಕ್ಕದವಳ ಜೊತೆ ತುಳುವಿನಲ್ಲಿ ಚರ್ಚೆ ಮಾಡಿ ಅರ್ಥ ಹಿಡಿದರೂ ಓದು ಓದೇ.

ಬರವಣಿಗೆಯನ್ನು ಅಳೆಯುವಾಗ ಬೇರೆ ಎಚ್ಚರ ಬೇಕು. ಅಮ್ಮನ ಬಗ್ಗೆ ಬರೆ ಅಂದರೆ ಮಗು ಬರೆಯುತ್ತದೆ: "ಮೈ ಮದರ್ ರೋಲ್ ಬೀಡಿ. ಈವ್ನಿಂಗ್ ಶಿ ಗೋ ಟು ಬ್ರಾಂಚ್." ಬ್ರಾಂಚ್ ಅಂದರೆ ಕಟ್ಟಿದ ಬೀಡಿ ಕೊಡುವ ಜಾಗ, ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅರ್ಥ ಪೂರ್ತಿ ಮುಟ್ಟಿತು. "ರೋಲ್ಸ್", "ಗೋಸ್" ಆಗಬೇಕಿತ್ತು, ನಿಜ. ಆದರೆ ಆ ಕೊನೆಯ 'ಎಸ್' ಪಾಠದಲ್ಲಿ ಬೇಗ ಬರುತ್ತದೆ, ಕಲಿಯುವವರ ಬಾಯಿಗೆ ಮಾತ್ರ ತುಂಬ ತಡವಾಗಿ ಬರುತ್ತದೆ. ಬೇರೆ ಬೇರೆ ಭಾಷೆಯ ಮಕ್ಕಳಲ್ಲೂ ಇದನ್ನು ಗಮನಿಸಿದ್ದಾರೆ. ಅದಕ್ಕೆ ಅಂಕ ಕಳೆಯಬೇಡಿ, ಗುರುತು ಹಾಕಿಟ್ಟುಕೊಳ್ಳಿ. "ಶಿ ಟು ಬ್ರಾಂಚ್ ಗೋ" ಅಂತ ಬರೆದಿದ್ದರೆ ಮಾತ್ರ ಮರುದಿನವೇ ಕೂರಿಸಿ ಕಲಿಸಿ. ಕ್ರಿಯಾಪದವನ್ನು ಕೊನೆಗೆ ತರುವುದು ತುಳು, ಕನ್ನಡದ ಅಭ್ಯಾಸ. ಇಂಗ್ಲಿಷಿನಲ್ಲಿ ಪದಗಳ ಜಾಗ ತಪ್ಪಿದರೆ ಅರ್ಥವೇ ಕೆಡುತ್ತದೆ. ಎಲ್ಲ ತಪ್ಪಿಗೂ ಒಂದೇ ಕೆಂಪು ಗೆರೆ ಎಳೆದರೆ ಯಾವುದು ಮುಖ್ಯ ಅಂತ ಮಗುವಿಗೆ ತಿಳಿಯುವುದು ಹೇಗೆ?

ಇನ್ನು ಮಾತು. ನಲವತ್ತು ಮಕ್ಕಳನ್ನು ಒಂದೇ ದಿನ ಮಾತಾಡಿಸಲು ಆಗದು. ಉಳಿದವರು ಬರೆಯುತ್ತಿರುವಾಗ ದಿನಕ್ಕೆ ನಾಲ್ಕು ಮಕ್ಕಳನ್ನು ಹತ್ತಿರ ಕರೆಯಿರಿ, ಎರಡು ವಾರದೊಳಗೆ ಮುಗಿಯುತ್ತದೆ. ಹೇಳಿದ್ದು ಅರ್ಥವಾಯಿತೇ? ಕೇಳಿದ್ದಕ್ಕೇ ಉತ್ತರ ಬಂತೇ? ಪದ ಸಿಗದಾಗ ಬೇರೆ ದಾರಿ ಹುಡುಕಿದನೇ? ಇಷ್ಟು ನೋಡಿದರೆ ಸಾಕು. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಓದುವ ಇಂಗ್ಲಿಷಿಗೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಮಾತಿಗೂ ಕೇಳುವಿಕೆಗೂ ಜಾಗ ಇರುವುದು ಆ 20ರಲ್ಲಿ. ಅದನ್ನು ಕಣ್ಣುಮುಚ್ಚಿ ಹಂಚಿದರೆ ನಮ್ಮ ಕೈಯಲ್ಲಿದ್ದ ಒಂದೇ ಅವಕಾಶ ಹೋಯಿತು.

ಕೊನೆಗೆ, ತಿದ್ದಿದ ಹಾಳೆಯ ವಿಷಯ. 1988ರಲ್ಲಿ ಸಂಶೋಧಕಿ ರೂತ್ ಬಟ್ಲರ್ ಇಸ್ರೇಲಿನ ಶಾಲೆಗಳಲ್ಲಿ ಮಾಡಿದ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಸಲಹೆ ಸಿಕ್ಕ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಸಲಹೆಯ ಜೊತೆ ಅಂಕವೂ ಸಿಕ್ಕವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಅಂಕ ನಿಮ್ಮ ರಿಜಿಸ್ಟರಿನಲ್ಲಿರಲಿ. ಹಾಳೆಯ ಮೇಲೆ "ಗುಡ್" ಅಂತ ಗೀಚುವ ಬದಲು "ಜೂನ್ ಟು ಸೆಪ್ಟೆಂಬರ್ ಅಂದರೆ ಯಾವ ಯಾವ ತಿಂಗಳು? ಎಣಿಸಿ ನೋಡು" ಅಂತ ಬರೆಯಿರಿ. ಹಾಳೆ ವಾಪಸ್ ಕೊಟ್ಟ ಅದೇ ಪೀರಿಯಡ್ಡಿನಲ್ಲಿ ಸರಿಮಾಡಲು ಹತ್ತು ನಿಮಿಷ ಬಿಡಿ.