ಜೋನ್ ಆಫ್ ಆರ್ಕ್ ಪಾತ್ರ ಮಾಡಿದ ನಟಿಗೆ ಹುಚ್ಚು ಹಿಡಿದಿತ್ತಾ?

ಪ್ರಶ್ನೆ: ‘ದಿ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’ ಚಿತ್ರದ ನಾಯಕಿ ಜೀವನದಲ್ಲಿ ಮಾಡಿದ್ದು ಇದೊಂದೇ ಸಿನಿಮಾ ಅಂತೆ. ಶೂಟಿಂಗ್‌ನಲ್ಲಿ ಪಟ್ಟ ಕಷ್ಟಕ್ಕೆ ತಲೆ ಕೆಟ್ಟು ಆಸ್ಪತ್ರೆ ಸೇರಿದರಂತೆ. ನಿಜಾನಾ?

ಇಲ್ಲ. ಈ ಮೂಕಿ ಚಿತ್ರದ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನೇ ಕೇಳುತ್ತಾರೆ, ನಾನೂ ಇಲ್ಲ ಅಂತಲೇ ಹೇಳುತ್ತೇನೆ, ಮುಂದಿನ ಸಲ ಮತ್ತೆ ಅದೇ ಪ್ರಶ್ನೆ. ಹಾಗಾಗಿ ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ಜೋನ್ ಅಂದರೆ ಹದಿನೈದನೇ ಶತಮಾನದ ಫ್ರಾನ್ಸಿನ ಹುಡುಗಿ. ಪಾದ್ರಿಗಳು ವಿಚಾರಣೆ ನಡೆಸಿದ ಮೇಲೆ ಆಕೆಯನ್ನು ಜೀವಂತ ಸುಟ್ಟರು, ಆ ವಿಚಾರಣೆಯೇ ಈ ಚಿತ್ರದ ಕತೆ. ನಟಿಯ ಹೆಸರು ರೆನೆ ಫಾಲ್ಕೊನೆಟ್ಟಿ. ಪ್ಯಾರಿಸ್ಸಿನ ನಾಟಕದ ಕಲಾವಿದೆ. ಚಿತ್ರದ ನಿರ್ದೇಶಕ, ಡೆನ್ಮಾರ್ಕಿನ ಕಾರ್ಲ್ ಥಿಯೋಡರ್ ಡ್ರೆಯರ್, ಈ ನಟಿಯನ್ನು ಒಂದು ಹಗುರವಾದ ನಾಟಕದಲ್ಲಿ ನೋಡಿ ಜೋನ್ ಪಾತ್ರಕ್ಕೆ ಆರಿಸಿಕೊಂಡರು. ಇದು ಅವರ ಮೊದಲ ಸಿನಿಮಾನೇ ಅಲ್ಲ. 1917ರಲ್ಲಿ ಎರಡು ಸಿನಿಮಾಗಳಲ್ಲಿ ನಟಿಸಿದ್ದರು. ಇದಾದ ಮೇಲೆ ಮತ್ತೆ ಸಿನಿಮಾ ಮಾಡಲಿಲ್ಲ ಅನ್ನುವುದು ಮಾತ್ರ ನಿಜ. ಆದರೆ ಸಿನಿಮಾ ಬಿಟ್ಟವರೆಲ್ಲ ಹುಚ್ಚರಾಗ್ತಾರಾ? ಅವರು ನಾಟಕಕ್ಕೆ ವಾಪಸ್ ಹೋದರು. ಪ್ಯಾರಿಸ್ಸಿನಲ್ಲಿ ಒಂದು ಥಿಯೇಟರನ್ನೂ ನಡೆಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ದಕ್ಷಿಣ ಅಮೆರಿಕಕ್ಕೆ ಹೋಗಿ, 1946ರಲ್ಲಿ ಬ್ವೇನಸ್ ಐರಿಸ್‌ನಲ್ಲಿ ತೀರಿಕೊಂಡರು.

ಹಾಗಾದರೆ ಆಸ್ಪತ್ರೆ ಎಲ್ಲಿಂದ ಬಂತು? ಆಸ್ಪತ್ರೆಯಲ್ಲಿ ಇದ್ದದ್ದು ನಟಿ ಅಲ್ಲ ಮಾರಾಯರೇ, ಸಿನಿಮಾದ ಪ್ರಿಂಟು!

ಚಿತ್ರ ಮೊದಲು ತೆರೆ ಕಂಡಿದ್ದು 1928ರ ಏಪ್ರಿಲ್‌ನಲ್ಲಿ, ಕೋಪನ್‌ಹೇಗನ್‌ನಲ್ಲಿ. ಅದೇ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಲ್ಯಾಬಿಗೆ ಬೆಂಕಿ ಬಿದ್ದು ಮೂಲ ನೆಗೆಟಿವ್, ಅಂದರೆ ಪ್ರಿಂಟುಗಳನ್ನು ತೆಗೆಯುವ ಮೂಲ ಫಿಲ್ಮು, ಸುಟ್ಟುಹೋಯಿತು. ಆಗಿನ ನೈಟ್ರೇಟ್ ಫಿಲ್ಮು, ಹೊತ್ತಿಕೊಂಡರೆ ಮುಗೀತು. ಡ್ರೆಯರ್ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಬಳಸದೇ ಬಿಟ್ಟಿದ್ದ ಟೇಕ್‌ಗಳನ್ನೆಲ್ಲ ಹುಡುಕಿ, ಮೊದಲಿನದಕ್ಕೆ ಆದಷ್ಟು ಹತ್ತಿರವಾಗುವ ಹಾಗೆ ಇನ್ನೊಂದು ಚಿತ್ರವನ್ನೇ ಜೋಡಿಸಿದರು. ಮರುವರ್ಷ ಆ ನೆಗೆಟಿವ್ ಇದ್ದ ಲ್ಯಾಬಿಗೂ ಬೆಂಕಿ ಬಿತ್ತು. ಆಮೇಲೆ ಐವತ್ತು ವರ್ಷ ಜನ ನೋಡಿದ್ದೆಲ್ಲ ಕತ್ತರಿಸಿದ, ತೇಪೆ ಹಾಕಿದ ಪ್ರತಿಗಳು. 1981ರಲ್ಲಿ ನಾರ್ವೆಯ ಓಸ್ಲೋ ಹತ್ತಿರದ ಡಿಕೆಮಾರ್ಕ್ ಮಾನಸಿಕ ಆಸ್ಪತ್ರೆಯ ಕಪಾಟಿನಲ್ಲಿ ಒಂದಷ್ಟು ಡಬ್ಬಿಗಳು ಸಿಕ್ಕವು. ಒಳಗಿದ್ದದ್ದು ಬೆಂಕಿಗೆ ಮೊದಲಿನ, ಸೆನ್ಸಾರ್ ಕತ್ತರಿ ಬೀಳದ ಪ್ರತಿ.

ಈ ಕತೆಯನ್ನು ಅರ್ಧ ಕೇಳಿಸಿಕೊಂಡ ಯಾರೋ ಪ್ರಿಂಟಿನ ಜಾಗದಲ್ಲಿ ನಟಿಯನ್ನು ಕೂರಿಸಿರಬೇಕು ಅನ್ನುವುದು ನನ್ನ ಊಹೆ. ಅದಕ್ಕೆ ಸರಿಯಾಗಿ ತೆರೆ ತುಂಬ ಅವರ ಮುಖ, ಮೇಕಪ್ ಇಲ್ಲ, ಕಣ್ಣೀರು, ನಿಜವಾಗಿಯೇ ಕತ್ತರಿಸಿದ ಕೂದಲು. ನೋಡಿದವರಿಗೆ ಇದು ನಟನೆ ಅಂತ ಒಪ್ಪಿಕೊಳ್ಳೋದೇ ಕಷ್ಟ. ನನಗೆ ಬೇಜಾರಾಗೋದು ಇಲ್ಲೇ. ಹತ್ತಾರು ನಾಟಕ ಮಾಡಿ ಪಳಗಿದ ಕಲಾವಿದೆಯ ಕಸುಬನ್ನು ಒಪ್ಪುವ ಬದಲು ‘ಪಾಪ, ತಲೆ ಕೆಟ್ಟಿತ್ತು’ ಅಂದುಬಿಡುತ್ತೇವೆ. ಪಾದ್ರಿಗಳ ಪಾತ್ರದವರೂ ನೆತ್ತಿ ಬೋಳಿಸಿಕೊಂಡಿದ್ದರು, ಅವರಿಗೆ ಹುಚ್ಚು ಹಿಡೀತು ಅಂತ ಯಾರೂ ಹೇಳಲ್ಲ, ಅಲ್ವಾ?

ಅಂದಹಾಗೆ, ಮುಂದೆ ನಿಜವಾಗಿಯೂ ಮಾನಸಿಕ ಆಸ್ಪತ್ರೆ ಸೇರಿದ ಒಬ್ಬರು ಈ ಚಿತ್ರದಲ್ಲಿದ್ದಾರೆ. ಜೋನ್ ಮೇಲೆ ಕರುಣೆ ತೋರುವ ಯುವ ಪಾದ್ರಿ ಮಾಸ್ಯೂ ಪಾತ್ರ ಮಾಡಿದ ಫ್ರೆಂಚ್ ನಟ, ನಾಟಕಕಾರ ಆಂತೊನಿನ್ ಆರ್ತೋ, ರಂಗಭೂಮಿಯವರಿಗೆ ಚೆನ್ನಾಗಿ ಗೊತ್ತಿರುವ ಹೆಸರು. ಆದರೆ ಅದು 1937ರ ಮಾತು, ಚಿತ್ರ ಬಂದು ಸುಮಾರು ಹತ್ತು ವರ್ಷ ಆದಮೇಲೆ. ಅದಕ್ಕೂ ಈ ಚಿತ್ರಕ್ಕೂ ಗಂಟು ಹಾಕಬೇಡಿ.

ಯಾರೂ ಕೇಳದ ಒಂದು ಪ್ರಶ್ನೆ ಇದೆ, ನನಗೆ ಅದೇ ಜಾಸ್ತಿ ಮಜಾ: ಬರೀ ಮುಖಗಳೇ ಇರುವ ಈ ಚಿತ್ರಕ್ಕೆ ಸಿಕ್ಕಾಪಟ್ಟೆ ದುಡ್ಡು ಖರ್ಚಾಗಿತ್ತು, ಯಾಕೆ? ಸೆಟ್‌ಗೆ. ಹರ್ಮನ್ ವಾರ್ಮ್ ಮತ್ತು ಜಾನ್ ಹ್ಯೂಗೋ ಸೇರಿ, ಬಿಡಿ ಬಿಡಿ ಸೆಟ್‌ಗಳ ಬದಲು ಎಲ್ಲ ಒಂದಕ್ಕೊಂದು ಕೂಡಿಕೊಂಡ ಕಾಂಕ್ರೀಟ್ ಕೋಟೆಯನ್ನೇ ಕಟ್ಟಿದ್ದರು. ಕಪ್ಪು-ಬಿಳುಪಿನಲ್ಲಿ ಬೂದು ಬಣ್ಣ ಕಾಣಲಿ ಅಂತ ಗೋಡೆಗಳಿಗೆ ಗುಲಾಬಿ ಬಣ್ಣ ಬಳಿದರು. ಮುಖಗಳನ್ನು ಕೆಳಗಿನಿಂದ ಹಿಡಿಯಲು ಕ್ಯಾಮೆರಾಕ್ಕಾಗಿ ನೆಲದಲ್ಲಿ ಗುಂಡಿ ತೋಡಿದರು. ಛಾಯಾಗ್ರಾಹಕ ರುಡಾಲ್ಫ್ ಮಾಟೆ ಕೊನೆಗೆ ಹಿಡಿದದ್ದೆಲ್ಲ ಮುಖಗಳೇ, ಕೋಟೆ ಅಲ್ಲಲ್ಲಿ ಚೂರು ಚೂರು ಇಣುಕುತ್ತದೆ ಅಷ್ಟೇ. ದುಡ್ಡು ಹಾಕಿದವರಿಗೆ ಸಿಟ್ಟು ಬರದೆ ಇರುತ್ತಾ? ನಟರಿಗೆ ತಾವು ಕೋಟೆಯೊಳಗೇ ಇದ್ದೇವೆ ಅನ್ನಿಸಿದರೆ ಅದು ಮುಖದಲ್ಲಿ ಕಾಣುತ್ತದೆ ಅನ್ನುವ ಲೆಕ್ಕ ಡ್ರೆಯರ್ ಅವರದು. ಕೋಟೆ ಪೂರ್ತಿ ನೋಡಬೇಕು ಅನ್ನುವವರಿಗೆ ವಾರ್ಮ್ ಮಾಡಿದ ಮಾದರಿ ಡ್ಯಾನಿಶ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸಂಗ್ರಹದಲ್ಲಿದೆ.